ಹಳೇ ಲ್ಯಾಪ್‌ಟಾಪ್ ಆನ್ ಆಗಲು ತಡವೇ? ಗುಜರಿಗೆ ಹಾಕುವ ಮೊದಲು ಇಷ್ಟು ನೋಡಿ

ಸ್ವಿಚ್ ಒತ್ತಿದ ಲ್ಯಾಪ್‌ಟಾಪ್ ಕೆಲಸಕ್ಕೆ ಸಿಗಲು ಐದು–ಹತ್ತು ನಿಮಿಷ ಹಿಡಿಯುತ್ತಿದೆ ಎಂದಾದರೆ ರಿಪೇರಿಯ ಮಾತು ಆಮೇಲೆ. ಅದರೊಳಗಿರುವ ಫೋಟೊ, ಮಕ್ಕಳ ಅಂಕಪಟ್ಟಿ, ಪಹಣಿ, ತೋಟದ ಲೆಕ್ಕ ಎಲ್ಲವನ್ನೂ ಮೊದಲು ಪೆನ್‌ಡ್ರೈವ್‌ಗೋ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೋ ಕಾಪಿ ಮಾಡಿಕೊಳ್ಳಿ. ಎಷ್ಟೋ ಸಲ ಈ ನಿಧಾನ ಹಾರ್ಡ್ ಡಿಸ್ಕ್ ಕೈಕೊಡುವ ಮುನ್ಸೂಚನೆ. ಇವತ್ತು ತಡವಾಗಿಯಾದರೂ ತೆರೆದುಕೊಂಡದ್ದು ನಾಳೆ ತೆರೆಯದೇ ಹೋಗಬಹುದು. ಅಂಗಡಿಗೆ ಒಯ್ದರೆ ‘ಫಾರ್ಮ್ಯಾಟ್ ಹೊಡೆದುಬಿಡೋಣ’ ಎನ್ನುವುದು ಮಾಮೂಲಿ. ಕಾಪಿ ಇಟ್ಟುಕೊಳ್ಳದೆ ಹೂಂ ಅಂದಿರೋ, ಹೋದದ್ದು ಹೋದ ಹಾಗೇ.

ಕನ್ನಡ ಬರೆಯುವ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೇ ಕಡತಗಳಿದ್ದರೆ ಇನ್ನೊಂದು ಎಚ್ಚರ. ಯುನಿಕೋಡ್ ಬರುವ ಮುಂಚಿನ ಆ ಫೈಲುಗಳು ನುಡಿಯ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. ಫೈಲುಗಳ ಜತೆಗೆ ಫಾಂಟ್‌ಗಳನ್ನೂ ತೆಗೆದಿಡಿ. ಸಂಘದ ವರದಿ, ದೇವಸ್ಥಾನದ ಲೆಕ್ಕಪತ್ರ ಇಟ್ಟುಕೊಂಡವರು ಇದನ್ನು ಮರೆಯಲೇಬಾರದು.

ತಡ ಆಗುತ್ತಿರುವುದು ಎಲ್ಲಿ?

‘ಸ್ಲೋ ಆಗಿದೆ’ ಎಂದಷ್ಟೇ ಹೇಳಿದರೆ ಔಷಧ ಸಿಗುವುದಿಲ್ಲ. ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಕುಳಿತುಕೊಳ್ಳಿ. ಕಂಪನಿಯ ಲೋಗೊ ಎಷ್ಟು ಹೊತ್ತು ನಿಲ್ಲುತ್ತದೆ, ಚುಕ್ಕಿಗಳು ಸುತ್ತುವುದು ಎಷ್ಟು ಹೊತ್ತು, ಪಾಸ್‌ವರ್ಡ್ ಕೊಟ್ಟಾದ ಮೇಲೆ ಮೌಸ್ ಮಾತು ಕೇಳಲು ಎಷ್ಟು ಹೊತ್ತು ಎಂದು ಬೇರೆಬೇರೆಯಾಗಿ ಬರೆದಿಟ್ಟುಕೊಳ್ಳಿ. ಇದನ್ನು ರೀಸ್ಟಾರ್ಟ್ ಕೊಟ್ಟು ನೋಡಬೇಕು. ವಿಂಡೋಸ್ 8ರಿಂದೀಚೆಗೆ ಫಾಸ್ಟ್ ಸ್ಟಾರ್ಟಪ್ ಎಂಬ ವ್ಯವಸ್ಥೆ ಇದೆ. ಅದು ಚಾಲೂ ಇದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸ್‌ನ ಒಳಭಾಗ ಪೂರ್ತಿ ಮುಚ್ಚುವುದಿಲ್ಲ, ಆದ್ದರಿಂದ ಅಳತೆ ಸರಿಯಾಗಿ ಸಿಗದು.

ಲೋಗೊದಲ್ಲೇ ನಿಂತುಬಿಡುತ್ತಿದ್ದರೆ ವಿಂಡೋಸ್‌ನ ತಪ್ಪಿಲ್ಲ. ಪೆನ್‌ಡ್ರೈವ್, ಮೆಮೊರಿ ಕಾರ್ಡ್, ಪ್ರಿಂಟರ್ ಎಲ್ಲ ಕಿತ್ತು ನೋಡಿ. ಬಯಾಸ್‌ನ (ವಿಂಡೋಸ್‌ಗಿಂತ ಮೊದಲು ಚಾಲೂ ಆಗುವ, ಯಂತ್ರದ್ದೇ ಸೆಟ್ಟಿಂಗ್) ಬೂಟ್ ಪಟ್ಟಿಯಲ್ಲಿ ನೆಟ್‌ವರ್ಕ್ ಮೇಲಿದ್ದರೆ ಅದನ್ನು ಕೆಳಗಿಳಿಸಿ, ಡಿಸ್ಕನ್ನು ಮೊದಲಿಗೆ ತನ್ನಿ. ವಾರಗಟ್ಟಲೆ ಬಂದ್ ಇಟ್ಟು ತೆರೆದಾಗ ತಾರೀಖು ಎಲ್ಲೆಲ್ಲೋ ಹೋಗಿ, ವೆಬ್‌ಸೈಟುಗಳು ‘ಸುರಕ್ಷಿತವಲ್ಲ’ ಎಂದು ತಕರಾರು ಮಾಡುತ್ತವೆಯೇ? ಹಾಗಾದರೆ ಮದರ್‌ಬೋರ್ಡಿನ ಬಟನ್ ಸೆಲ್ ಮುಗಿದಿರಬಹುದು. ಸಾಮಾನ್ಯವಾಗಿ ಅದು ಸಿಆರ್ 2032, ಸಣ್ಣ ಖರ್ಚಿನ ಕೆಲಸ.

ಡೆಸ್ಕ್‌ಟಾಪ್ ಕಂಡ ಮೇಲೆ ಕ್ಲಿಕ್ ಕೇಳದೆ ಒದ್ದಾಡಿದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಅದರ ಸ್ಟಾರ್ಟಪ್ ಪಟ್ಟಿಯಲ್ಲಿ ಯಾವ ಪ್ರೋಗ್ರಾಂ ಎಷ್ಟು ಹೊರೆ ಎಂದು ಹೈ, ಮೀಡಿಯಂ, ಲೋ ಗುರುತು ಇರುತ್ತದೆ. ಟೀಮ್ಸ್, ಜೂಮ್, ಟೊರೆಂಟ್, ಪ್ರಿಂಟರ್ ಕಂಪನಿಯ ಸಹಾಯಕ ಇತ್ಯಾದಿಗಳನ್ನು ಧೈರ್ಯವಾಗಿ ಡಿಸೇಬಲ್ ಮಾಡಿ. ಅವು ಅಳಿಸಿಹೋಗುವುದಿಲ್ಲ, ಬೇಕಾದಾಗ ನೀವೇ ತೆರೆದುಕೊಳ್ಳಬಹುದು. ಟಚ್‌ಪ್ಯಾಡ್, ಆಡಿಯೊ, ಸೆಕ್ಯುರಿಟಿ ಹೆಸರಿನವನ್ನು ಮುಟ್ಟಬೇಡಿ. ಕೊಂಡಾಗ ಉಚಿತವಾಗಿ ಬಂದು ಅವಧಿ ಮುಗಿದ ಆಂಟಿವೈರಸ್ ಇದ್ದರೆ ತೆಗೆದುಹಾಕಿ. ವಿಂಡೋಸ್‌ನದೇ ಡಿಫೆಂಡರ್ ತಾನಾಗಿ ಆ ಕೆಲಸ ವಹಿಸಿಕೊಳ್ಳುತ್ತದೆ.

ತಿಂಗಳಿಗೊಮ್ಮೆ ತೆರೆಯುವ ಲ್ಯಾಪ್‌ಟಾಪ್‌ನ ಕತೆ ಬೇರೆ. ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟ ಕೂಡಲೇ ತಿಂಗಳ ಅಪ್‌ಡೇಟ್, ವೈರಸ್ ತಪಾಸಣೆ ಎಲ್ಲ ಒಮ್ಮೆಗೇ ಮೇಲೆ ಬೀಳುತ್ತವೆ. ನೆಟ್‌ವರ್ಕ್‌ಗೆ ಗುಡ್ಡ ಹತ್ತುವ ಊರಿನಲ್ಲಿ ಅವು ಅರ್ಧಕ್ಕೆ ನಿಂತು, ಮುಂದಿನ ಸಲ ಮತ್ತೆ ಶುರುವಾಗುತ್ತವೆ. ಸಾಗರಕ್ಕೋ ಶಿವಮೊಗ್ಗಕ್ಕೋ ನೆಂಟರ ಮನೆಗೆ ಹೋದಾಗ ಅಲ್ಲಿನ ವೈಫೈಗೆ ಸಿಕ್ಕಿಸಿ ಅರ್ಧ ದಿನ ಆನ್ ಇಟ್ಟು ಎಲ್ಲ ಮುಗಿಯಲು ಬಿಡಿ. ಮನೆಗೆ ಬಂದ ಮೇಲೆ ಹಾಟ್‌ಸ್ಪಾಟನ್ನು ವಿಂಡೋಸ್‌ನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಮೀಟರ್ಡ್ (ಡೇಟಾಕ್ಕೆ ಮಿತಿ ಇರುವ ಸಂಪರ್ಕ) ಎಂದು ಗುರುತಿಸಿ. ಇಷ್ಟರಿಂದಲೇ ಗೆಲುವಾದ ಲ್ಯಾಪ್‌ಟಾಪ್‌ಗಳು ಬೇಕಾದಷ್ಟಿವೆ.

ಕರೆಂಟು ಮತ್ತು ಸತ್ತ ಬ್ಯಾಟರಿ

ಮಲೆನಾಡಿನವರು ಹೆಚ್ಚು ಗಮನ ಕೊಡಬೇಕಾದ ಜಾಗ ಇದು. ಬ್ಯಾಟರಿ ಸತ್ತ ಮೇಲೂ ಚಾರ್ಜರ್ ಸಿಕ್ಕಿಸಿಕೊಂಡೇ ವರ್ಷಗಟ್ಟಲೆ ಓಡಿಸುವವರು ಹಲವರು. ತೀರ್ಥಹಳ್ಳಿ, ಹೊಸನಗರದ ಕಡೆ ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋಗುವುದು, ಬಂದು ಮತ್ತೆ ಹೋಗುವುದು ಹೊಸದಲ್ಲ. ಬ್ಯಾಟರಿ ಇಲ್ಲದ ಯಂತ್ರಕ್ಕೆ ಪ್ರತಿ ಸಲವೂ ಅದು ನಡುದಾರಿಯಲ್ಲಿ ಕುತ್ತಿಗೆ ಹಿಸುಕಿದ ಹಾಗೆ. ಬರೆಯುತ್ತಿದ್ದ ಫೈಲು ಅರ್ಧಕ್ಕೆ ನಿಲ್ಲುತ್ತದೆ, ವಿಂಡೋಸ್‌ನ ಕಡತಗಳು ಕೆಡುತ್ತವೆ, ಮುಂದಿನ ಸಲ ಡಿಸ್ಕ್ ತಪಾಸಣೆ ಮಾಡುತ್ತ ಕೂರುತ್ತದೆ.

ಇನ್ವರ್ಟರ್ ಇದೆಯಲ್ಲ ಎನ್ನಬೇಡಿ. ಸಾದಾ ಮೋಡ್‌ನಲ್ಲಿ ಅದು ಬ್ಯಾಟರಿಗೆ ಬದಲಾಗುವ ಕ್ಷಣದಲ್ಲೇ ಕಂಪ್ಯೂಟರ್ ಆಫ್ ಆಗಿಬಿಡಬಹುದು. ಅನೇಕ ಇನ್ವರ್ಟರ್‌ಗಳಲ್ಲಿ ಯುಪಿಎಸ್ ಮೋಡ್‌ನ ಗುಂಡಿ ಇರುತ್ತದೆ, ಅದರಲ್ಲಿ ಬದಲಾವಣೆ ಬೇಗ. ಆದರೆ ಆ ಮೋಡ್‌ನಲ್ಲಿ ವೋಲ್ಟೇಜ್ ಸ್ವಲ್ಪ ಇಳಿದರೂ ಇನ್ವರ್ಟರ್ ತನ್ನ ಬ್ಯಾಟರಿಗೆ ಜಾರುತ್ತದೆ. ಲೋ ವೋಲ್ಟೇಜ್ ಊರಿನಲ್ಲಿ ಸಂಜೆಯೊಳಗೆ ಅದು ಖಾಲಿ. ನನ್ನ ಮಟ್ಟಿಗೆ ಲ್ಯಾಪ್‌ಟಾಪ್‌ಗೇ ಒಂದು ಹೊಸ ಬ್ಯಾಟರಿ ಹಾಕಿಸುವುದು ಎಲ್ಲಕ್ಕಿಂತ ಒಳ್ಳೆಯ ದಾರಿ. ಹಳೆಯದು ಉಬ್ಬಿ ಟಚ್‌ಪ್ಯಾಡ್ ಮೇಲೆದ್ದಿದ್ದರೆ ಒಂದು ದಿನವೂ ತಡ ಬೇಡ. ಚಾರ್ಜರ್ ತೆಗೆಯಿರಿ, ಒತ್ತಬೇಡಿ, ಚುಚ್ಚಬೇಡಿ, ಬಿಚ್ಚಿಸಿ. ಗುಡುಗು ಶುರುವಾದರೆ ಚಾರ್ಜರ್ ಜತೆಗೆ ಇಂಟರ್ನೆಟ್‌ನ ಕೇಬಲ್ಲನ್ನೂ ಕಳಚಿ. ಸಿಡಿಲಿನ ಹೊಡೆತ ಆ ದಾರಿಯಲ್ಲೂ ಒಳಗೆ ಬರುತ್ತದೆ.

ಡಿಸ್ಕಿನ ನಾಡಿ

ಚುಕ್ಕಿಗಳು ಸುತ್ತುವುದೇ ಮುಗಿಯುವುದಿಲ್ಲ, ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ 100 ಪರ್ಸೆಂಟ್ ತೋರಿಸುತ್ತ ಬಹಳ ಹೊತ್ತಾದರೂ ಇಳಿಯುವುದಿಲ್ಲ ಎಂದರೆ ಅನುಮಾನ ಡಿಸ್ಕಿನ ಮೇಲೆ. ಕ್ರಿಸ್ಟಲ್ ಡಿಸ್ಕ್ ಇನ್ಫೊ ಎಂಬ ಉಚಿತ ತಂತ್ರಾಂಶ ಹಾಕಿ ನೋಡಿ. ಎಡಗಡೆಯ ಚೌಕ ನೀಲಿಯಾಗಿ ‘ಗುಡ್’ ಎಂದಿದ್ದರೆ ಸದ್ಯಕ್ಕೆ ಅಡ್ಡಿಯಿಲ್ಲ. ಹಳದಿಯಾಗಿ ‘ಕಾಷನ್’ ಎಂದಿದ್ದರೆ ಕೆಳಗಿನ ಪಟ್ಟಿಯಲ್ಲಿ 05 ಮತ್ತು ಸಿ5 ಸಾಲುಗಳನ್ನು ಹುಡುಕಿ. 05 ಎಂದರೆ ಕೆಟ್ಟುಹೋಗಿ ಬದಲಿ ಜಾಗ ಕೊಟ್ಟ ಸೆಕ್ಟರ್‌ಗಳು (ಡಿಸ್ಕಿನಲ್ಲಿ ಮಾಹಿತಿ ಕೂರುವ ಸಣ್ಣ ಸಣ್ಣ ಮನೆಗಳು). ಸಿ5 ಎಂದರೆ ಓದಲಾಗದೆ ತೀರ್ಮಾನಕ್ಕೆ ಕಾದಿರುವವು. ಅಲ್ಲಿನ ಕೊನೆಯ ಅಂಕಣದಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕಿ ಇದ್ದು ವಾರದಿಂದ ವಾರಕ್ಕೆ ಏರುತ್ತಿದ್ದರೆ ಆ ಡಿಸ್ಕನ್ನು ನಂಬಬೇಡಿ. ಅಂಥ ಡಿಸ್ಕಿಗೆ ಡಿಫ್ರಾಗ್, ಪೂರ್ತಿ ಸ್ಕ್ಯಾನ್ ಎಂದು ಕೆಲಸ ಹೇರುವುದು ಬೇಡ, ಇರುವ ಉಸಿರೂ ಹೋದೀತು. ಟಕ್ ಟಕ್ ಸದ್ದು ಬರುತ್ತಿದ್ದರಂತೂ ಕೂಡಲೇ ಬಂದ್ ಮಾಡಿ. ಮುಖ್ಯವಾದ ಕಡತ ಒಳಗೆ ಉಳಿದಿದ್ದರೆ ಡೇಟಾ ರಿಕವರಿ ಬಲ್ಲವರ ಹತ್ತಿರವೇ ಹೋಗಿ.

ಡಿಸ್ಕ್ ಗಟ್ಟಿಯಿದ್ದೂ ನಿಧಾನವೇ? ಲ್ಯಾಪ್‌ಟಾಪ್‌ನ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ವಿಂಡೋಸ್ ಎದ್ದೇಳುವಾಗ ಚದುರಿ ಬಿದ್ದ ಸಾವಿರಾರು ಸಣ್ಣ ಫೈಲುಗಳನ್ನು ಹೆಕ್ಕಬೇಕು. ಒಂದೊಂದಕ್ಕೂ ಮುಳ್ಳು ಸರಿದು, ತಟ್ಟೆ ತಿರುಗುವುದನ್ನು ಕಾಯಬೇಕು. ಹಾರ್ಡ್ ಡಿಸ್ಕ್ ಬದಲಿಗೆ ಹಾಕುವ, ಚಿಪ್‌ಗಳಲ್ಲೇ ಮಾಹಿತಿ ಇಡುವ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಕಾಯುವ ಹೊತ್ತು ಮಿಲಿಸೆಕೆಂಡಿನ ಸಣ್ಣ ಪಾಲು. ಹಳೇ ಲ್ಯಾಪ್‌ಟಾಪ್‌ಗೆ ಒಂದೇ ಖರ್ಚು ಮಾಡುವುದಾದರೆ ಇದಕ್ಕೇ ಮಾಡಿ. 2.5 ಇಂಚಿನ, 240 ಅಥವಾ 256 ಜಿಬಿಯ ಸಾಟಾ ಎಸ್‌ಎಸ್‌ಡಿ ಮನೆಬಳಕೆಗೆ ಧಾರಾಳ. ಹಳೇ ಡಿಸ್ಕ್ ಆರೋಗ್ಯವಾಗಿದ್ದರೆ ಅದರಲ್ಲಿದ್ದದ್ದನ್ನೆಲ್ಲ ಇದ್ದ ಹಾಗೇ ಹೊಸದಕ್ಕೆ ನಕಲು (ಕ್ಲೋನ್) ಮಾಡಿಸಬಹುದು, ಕಾಯಿಲೆಯದಾದರೆ ವಿಂಡೋಸ್ ಹೊಸದಾಗಿ ಹಾಕಿಸಿ. ಲ್ಯಾಪ್‌ಟಾಪ್ ಜತೆಗೇ ಬಂದ ವಿಂಡೋಸ್ 10ರ ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿರುವುದರಿಂದ ಡಿಸ್ಕ್ ಬದಲಿಸಿದರೂ ತಾನಾಗಿ ಆ್ಯಕ್ಟಿವೇಟ್ ಆಗುತ್ತದೆ. ಮತ್ತೆ ದುಡ್ಡು ಕೊಡಬೇಕಿಲ್ಲ.

ರ‍್ಯಾಮ್ 4 ಜಿಬಿ ಇದ್ದರೆ 8ಕ್ಕೆ ಏರಿಸಿ. ಡಿಡಿಆರ್ 3, ಡಿಡಿಆರ್ 4 ಒಂದರ ಜಾಗಕ್ಕೆ ಇನ್ನೊಂದು ಕೂರದು, ಕೊಳ್ಳುವ ಮುಂಚೆ ಕೇಳಿಕೊಳ್ಳಿ. ಬಿಚ್ಚಿಸಿದ ದಿನವೇ ಫ್ಯಾನನ್ನೂ ಸ್ವಚ್ಛ ಮಾಡಿಸಿ. ಅಡಿಕೆ ಸುಲಿಯುವ ಚಪ್ಪರದ ಪಕ್ಕದ ಕೋಣೆಯಲ್ಲಿದ್ದ ಲ್ಯಾಪ್‌ಟಾಪ್‌ನ ಗಾಳಿಕಂಡಿಯಲ್ಲಿ ಸಿಪ್ಪೆಯ ನಾರು, ಧೂಳು ಕಂಬಳಿಯಂತೆ ಕಟ್ಟಿರುತ್ತದೆ. ಬಿಸಿ ಹೊರಹೋಗದಿದ್ದಾಗ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗ ತಗ್ಗಿಸುತ್ತದೆ. ಆಗುಂಬೆ ಸೀಮೆಯ ಮಳೆಗಾಲದ ಥಂಡಿಗೆ ವಾರಕ್ಕೆರಡು ಸಲ ಒಂದು ಗಂಟೆ ಆನ್ ಇಡುವುದು ಒಳ್ಳೆಯದು, ಒಳಗಿನ ಬಿಸಿಗೆ ತೇವ ಆರುತ್ತದೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಯಂತ್ರದಲ್ಲಿ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನಿಂದೀಚಿನ ಪ್ರೊಸೆಸರ್ ಇರಬೇಕು. ಅದಿಲ್ಲದ ಯಂತ್ರಕ್ಕೆ ವಿಂಡೋಸ್ ಬದಲಿಗೆ ಬಳಸಬಹುದಾದ ಲಿನಕ್ಸ್ ಮಿಂಟ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಹಾಕಿಸಿ ನೋಡಿ. ಉಚಿತ, 4 ಜಿಬಿ ರ‍್ಯಾಮ್‌ನಲ್ಲೂ ನೆಮ್ಮದಿಯಾಗಿ ಓಡುತ್ತದೆ, ಬ್ರೌಸರ್, ವಿಡಿಯೊ, ಯುನಿಕೋಡ್ ಕನ್ನಡ ಎಲ್ಲ ಸಲೀಸು. ಪೆನ್‌ಡ್ರೈವ್‌ನಿಂದಲೇ ಚಾಲೂ ಮಾಡಿ, ಇಷ್ಟವಾದರೆ ಮಾತ್ರ ಒಳಗೆ ಹಾಕಿಸಿಕೊಳ್ಳಬಹುದು. ವಿಂಡೋಸ್‌ಗೆಂದೇ ಮಾಡಿದ ಟ್ಯಾಲಿಯಂಥ ತಂತ್ರಾಂಶ ಬಳಸುವವರಿಗೆ ಮಾತ್ರ ಇದು ಹೊಂದದು.

ಶಿವಮೊಗ್ಗದ ದುರ್ಗಿಗುಡಿಯಲ್ಲೋ ನಿಮ್ಮ ಪೇಟೆಯಲ್ಲೋ ಡಿಸ್ಕ್ ಬದಲಿಸಿದ ಮೇಲೆ ಹಳೆಯದನ್ನು ಅಂಗಡಿಯಲ್ಲೇ ಬಿಟ್ಟು ಬರಬೇಡಿ. ನಿಮ್ಮ ಆಧಾರ್ ಪ್ರತಿ, ಬ್ಯಾಂಕ್ ಕಾಗದ, ಮನೆಮಂದಿಯ ಫೋಟೊ ಎಲ್ಲ ಅದರಲ್ಲಿ ಹಾಗೇ ಇರುತ್ತವೆ. ಚೆನ್ನಾಗಿದ್ದರೆ ಯುಎಸ್‌ಬಿ ಕೇಸಿಗೆ ಹಾಕಿಸಿ ಬ್ಯಾಕಪ್‌ಗೆ ಇಟ್ಟುಕೊಳ್ಳಿ. ಕೆಟ್ಟಿದ್ದರೆ ಬೇಕಾದದ್ದೆಲ್ಲ ಹೊಸದಕ್ಕೆ ಬಂದಿದೆ ಎಂದು ಒಂದೊಂದೇ ಫೋಲ್ಡರ್ ತೆರೆದು ಖಚಿತ ಮಾಡಿಕೊಳ್ಳುವವರೆಗಾದರೂ ಕಪಾಟಿನಲ್ಲಿರಲಿ.