ಯೋಕ್, ರಡರ್ ಪೆಡಲ್ ಕೊಳ್ಳುವ ಮುನ್ನ

ಕಂಪ್ಯೂಟರ್‌ನ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ (ವಿಮಾನ ಹಾರಿಸುವ ಆಟ) ಯಾವ ವಿಮಾನ ಹಾರಿಸುತ್ತೀರಿ ಎಂದು ಮೊದಲು ತೀರ್ಮಾನಿಸಿ. ಬಜ್ಪೆಗೆ ಬರುವ ಬೋಯಿಂಗ್ 737, ಎಟಿಆರ್ 72, ಕಲಿಕೆಯ ಸೆಸ್ನಾ 172 ಇವಕ್ಕೆಲ್ಲ ಯೋಕ್ (ತಿರುಗಿಸುವ, ಎಳೆಯುವ ಸ್ಟೀರಿಂಗ್‌ನಂಥ ಹಿಡಿ) ಸರಿ. ಏರ್‌ಬಸ್ 320ಕ್ಕೆ ಸೈಡ್‌ಸ್ಟಿಕ್ (ಪಕ್ಕದಲ್ಲಿರುವ ಜಾಯ್‌ಸ್ಟಿಕ್) ಬೇಕು. ಯೋಕ್ ಕೊಂಡರೆ ದುಡ್ಡು ದಂಡ.

ಯೋಕ್ ಒಟ್ಟು 180 ಡಿಗ್ರಿ ತಿರುಗಲಿ. 90 ಡಿಗ್ರಿಯದ್ದಾದರೆ ಬೆರಳಷ್ಟು ಅಲುಗಿದರೂ ರೆಕ್ಕೆ ವಾಲುತ್ತದೆ. ಹಿಡಿಯನ್ನು ತುಸು ತಿರುಗಿಸಿಟ್ಟುಕೊಂಡೇ ನಿಧಾನ ಎಳೆದು ನೋಡಿ: ಕಚ್ಚಿ ಕಚ್ಚಿ ಬಂದರೆ, ಎಷ್ಟೇ ದುಬಾರಿಯಾದರೂ ಬೇಡ.

ಕರಾವಳಿಯಲ್ಲಿ, ಹಿಡಿ, ಪೆಡಲ್‌ಗಳ ಚಲನೆ ಅಳೆಯುವ ಸೆನ್ಸರ್‌ನದ್ದೇ ದೊಡ್ಡ ಪ್ರಶ್ನೆ. ಪೊಟೆನ್ಶಿಯೋಮೀಟರ್ ಎಂಬ ಬಗೆಯ ಸೆನ್ಸರ್‌ನ ಪಟ್ಟಿ ಉಜ್ಜಿ ಸವೆಯುತ್ತದೆ. ಧೂಳು, ಮಳೆಗಾಲದ ತೇವ ಸೇರಿದರೆ ರೀಡಿಂಗ್ ತಾನಾಗಿಯೇ ಜಿಗಿಯುತ್ತದೆ. ಹಾಲ್ ಸೆನ್ಸರ್ ಅಯಸ್ಕಾಂತದಿಂದ, ಮುಟ್ಟದೆಯೇ ಅಳೆಯುತ್ತದೆ, ಅದನ್ನೇ ಆರಿಸಿ. ಯೋಕ್‌ನ ಉಕ್ಕಿನ ದಂಡಕ್ಕೆ ತುಕ್ಕು ತಪ್ಪಿದ್ದಲ್ಲ, ತಯಾರಕರು ಹೇಳಿದ ಗ್ರೀಸನ್ನೇ ತೆಳುವಾಗಿ ಸವರಿ.

ರಡರ್ ಪೆಡಲ್‌ಗೆ (ಕಾಲಿನಿಂದ ವಿಮಾನದ ಮೂತಿ ತಿರುಗಿಸುವ, ಬ್ರೇಕ್ ಹಾಕುವ ಪೆಡಲ್) ತೂಕ ಬೇಕು. ಥ್ರಸ್ಟ್‌ಮಾಸ್ಟರ್ ಕಂಪನಿಯ ಟಿಪಿಆರ್ ಪೆಡಲ್ ಸುಮಾರು 7 ಕಿಲೋ ಇದ್ದರೂ ಕಾವಿ ನೆಲದಲ್ಲಿ, ಟೈಲ್ಸ್ ಮೇಲೆ ಜಾರೀತು. 18 ಮಿ.ಮೀ. ಪ್ಲೈವುಡ್‌ಗೆ ಬೋಲ್ಟ್ ಹಾಕಿ, ಕುರ್ಚಿಯನ್ನೂ ಅದೇ ಹಲಗೆಗೆ ಬೆಲ್ಟಿನಿಂದ ಕಟ್ಟಿ. ಚಕ್ರದ ಕುರ್ಚಿ ಬ್ರೇಕ್ ಒತ್ತಿದಾಗಲೆಲ್ಲ ಹಿಂದೆ ಓಡುತ್ತದೆ.

ವಿಮಾನ ಪೂರ್ತಿ ಥ್ರಾಟಲ್‌ನಲ್ಲೂ ತೆವಳಿದರೆ ಪೆಡಲ್ ಕೆಟ್ಟಿಲ್ಲ, ಬ್ರೇಕ್ ಆಕ್ಸಿಸ್ (ಬ್ರೇಕ್ ಎಷ್ಟು ಒತ್ತಿದೆ ಎಂದು ತಿಳಿಸುವ ಸಂಕೇತ) ತಲೆಕೆಳಗಾಗಿ, ಒತ್ತದಿದ್ದರೂ ಬ್ರೇಕ್ ಹಿಡಿದಿರಬಹುದು. ಸೆಟ್ಟಿಂಗ್‌ನಲ್ಲಿ ಎಡ, ಬಲ ಬ್ರೇಕ್ ಎರಡನ್ನೂ ರಿವರ್ಸ್ ಮಾಡಿ.