ಜೀಪ್ ಬಾಡಿಗೆಗೆ ಯಾರು ದುಡ್ಡು ಕೊಡ್ತಾರೆ? ಸಿದ್ದಿ, ಗೌಳಿ ಕೇರಿಗಳ ಆರೋಗ್ಯ ನಿಧಿ ಕಟ್ಟಿದ ಅನುಭವ

ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಮುಂಡಗೋಡ ಕಡೆಯ ಕಾಡಂಚಿನಲ್ಲಿ ಆಫ್ರಿಕಾ ಮೂಲದ ಸಿದ್ದಿಯರ ಮತ್ತು ಎಮ್ಮೆ ಸಾಕುವ ಗೌಳಿಗರ ಕೇರಿಗಳಿವೆ. ಆಸ್ಪತ್ರೆಗೆ ಹೋಗುವ ಜೀಪ್ ಬಾಡಿಗೆಯಂಥ ಖರ್ಚಿಗೆ ಅಲ್ಲಿನ ಹೆಂಗಸರೇ ಒಂದು ಆರೋಗ್ಯ ನಿಧಿ ನಡೆಸುತ್ತಾರೆ. ಅದಕ್ಕೆ ದುಡ್ಡು ಹೊಂದಿಸಿ ಕೊಡುವುದು ನನ್ನ ಕೆಲಸ. ನಾನಿರುವುದು ಶಿರಸಿಯಲ್ಲಿ, ಒಂದು ಸಣ್ಣ ಟ್ರಸ್ಟಿನಲ್ಲಿ. ದುಡ್ಡು ಎಲ್ಲಿಂದ ತಂದಿರಿ ಅಂತ ತುಂಬಾ ಜನ ಕೇಳುತ್ತಾರೆ. ಬಂದ ದುಡ್ಡು ಯಾರ ಕೈಯಲ್ಲಿದೆ ಅಂತಲೂ ಕೇಳಬೇಕು. ಹಾಗಾಗಿ ಎರಡನ್ನೂ ಬರೆಯುತ್ತಿದ್ದೇನೆ.

ಕೊಡುವವರಿಗೆ ಆರೋಗ್ಯ ಅಂದರೆ ಮೊದಲು ಹೊಳೆಯುವುದು ಶಿಬಿರ. ಒಂದು ಕಂಪನಿಯ ಸಮಾಜ ಸೇವೆಯ ದುಡ್ಡು ನೋಡಿಕೊಳ್ಳುವ ಸಿಎಸ್‌ಆರ್‌ನವರು ತಪಾಸಣೆ ಶಿಬಿರ ಮಾಡೋಣ, ಬ್ಯಾನರ್ ಹಾಕೋಣ ಅಂದರು. ನಾನು ವಾದಕ್ಕೆ ಹೋಗದೆ ಅವರನ್ನೇ ಕೇರಿಗೆ ಕರೆದುಕೊಂಡು ಹೋದೆ. ಅಲ್ಲಿ ಒಬ್ಬರು ಹಿರಿಯ ಹೆಂಗಸು ನೇರ ಹೇಳಿಬಿಟ್ಟರು, "ಅಕ್ಕೋರೇ, ಬಿಪಿ ಐತಿ ಅಂತ ಹೋದ್ ಸಲ ಬಂದವ್ರೂ ಹೇಳ್ಯಾರ. ಗುಳಿಗಿ ತರಾಕ ಹೋಗೂದು ಹ್ಯಾಂಗ? ಜೀಪ್ ಬಾಡಿಗಿ ಕೊಡ್ರಿ."

ಅಷ್ಟೇ ವಿಷಯ. ಸರ್ಕಾರದ ಸೌಲಭ್ಯ ಇಲ್ಲ ಅಂತಲ್ಲ. 108 ಆಂಬುಲೆನ್ಸ್ ಪುಕ್ಕಟೆ ಬರುತ್ತದೆ, ಆದರೆ ಫೋನ್ ಮಾಡಲು ನೆಟ್‌ವರ್ಕ್ ಸಿಗುವ ದಿಬ್ಬ ಹತ್ತಬೇಕು, ಮಳೆಗಾಲದಲ್ಲಿ ಹಳ್ಳ ತುಂಬಿದರೆ ಗಾಡಿ ಆಚೆಗೇ ನಿಲ್ಲುತ್ತದೆ. ಹಳ್ಳಿಯ ಬಡ ಹೆಂಗಸು ಆಸ್ಪತ್ರೆಯಲ್ಲಿ ಹೆತ್ತರೆ ಜನನಿ ಸುರಕ್ಷಾ ಯೋಜನೆಯಲ್ಲಿ 700 ರೂಪಾಯಿ ಬರುತ್ತದೆ. ಅದು ಬ್ಯಾಂಕಿಗೆ ಬರುವುದು ಆಮೇಲೆ, ಜೀಪಿನವನು ಕೇಳುವುದು ಆ ರಾತ್ರಿ. ಆಯುಷ್ಮಾನ್ ಕಾರ್ಡಿನಲ್ಲಿ ಒಂದು ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಆದರೆ ದೊಡ್ಡ ಕಾಯಿಲೆಗೆ ಯಲ್ಲಾಪುರದಿಂದ ಸುಮಾರು 70 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಹೋಗಬೇಕು, ಜೊತೆಗೆ ಹೋದವರ ಕೂಲಿ ಹೋಗುತ್ತದೆ, ಅವರ ಊಟಕ್ಕೂ ಯಾವ ಕಾರ್ಡೂ ಇಲ್ಲ. ಗೌಳಿಗರ ಮನೆಯಲ್ಲಂತೂ ಇನ್ನೊಂದು ಕಷ್ಟ. ಮನೆಯಾಕೆ ಆಸ್ಪತ್ರೆಯಲ್ಲಿ ಕೂತರೆ ಎಮ್ಮೆ ಹಿಂಡುವವರು ಯಾರು? ಹಾಗಾಗಿ ನಾಳೆ ನೋಡೋಣ, ನಾಡಿದ್ದು ನೋಡೋಣ ಅಂತ ಕಾಯಿಲೆ ಬಲಿಯುತ್ತದೆ.

ನಿಧಿಗೆ ಮೊದಲು ಬಿದ್ದ ದುಡ್ಡು ಕೇರಿಯದ್ದೇ, ಹೆಂಗಸರ ಸಂಘದ ತಿಂಗಳ ಉಳಿತಾಯದಿಂದ. ಅದು ತೀರಾ ಸಣ್ಣ ಮೊತ್ತ, ಆದರೆ ಅದಿಲ್ಲದೆ ನಾನು ಹೊರಗೆ ಒಂದು ರೂಪಾಯಿಯನ್ನೂ ಕೇಳಲಿಲ್ಲ. ತಮ್ಮ ದುಡ್ಡಿದ್ದರೆ ಲೆಕ್ಕ ಕೇಳುವ ಹಕ್ಕು ತಾನಾಗಿ ಬರುತ್ತದೆ. ಆಮೇಲೆ ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಗೆ ಅಂತ ವರ್ಷಕ್ಕೆ 10,000 ರೂಪಾಯಿವರೆಗೆ ಬರುವ, ಊರಿನ ಅಗತ್ಯ ನೋಡಿ ಖರ್ಚು ಮಾಡಬಹುದಾದ ಮುಕ್ತ ನಿಧಿ. ಎಷ್ಟೋ ಊರಲ್ಲಿ ಇದು ಬರುವುದೇ ಜನರಿಗೆ ಗೊತ್ತಿಲ್ಲ. ನಮ್ಮ ಹೆಂಗಸರು ಆಶಾ ಕಾರ್ಯಕರ್ತೆಯನ್ನು ಕರೆದುಕೊಂಡು ಪಂಚಾಯ್ತಿ ಸಭೆಗೇ ಹೋಗಿ ಕೂತರು.

ಮೂರನೆಯದು ಹೊರಗಿನ ದೇಣಿಗೆ. ಸಿಎಸ್‌ಆರ್ ದುಡ್ಡು ಪಡೆಯಲು ಆದಾಯ ತೆರಿಗೆ ಇಲಾಖೆಯ 12ಎ, 80ಜಿ ನೋಂದಣಿಗಳ ಜೊತೆಗೆ 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ಎಂಬ ಕಂಪನಿ ವ್ಯವಹಾರ ಸಚಿವಾಲಯದ ನೋಂದಣಿಯೂ ಬೇಕು. ಕೇರಿಯ ಸಂಘಕ್ಕೆ ಇದೆಲ್ಲ ಆಗದ ಮಾತು, ಆದ್ದರಿಂದ ಕಾಗದದ ಹೊರೆ ನಮ್ಮ ಟ್ರಸ್ಟ್ ಹೊರುತ್ತದೆ. ವಿದೇಶಿ ದೇಣಿಗೆಯ ದಾರಿ ಹಿಡಿಯಲಿಲ್ಲ. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಆದಮೇಲೆ ಒಂದು ಸಂಸ್ಥೆ ಪಡೆದ ವಿದೇಶಿ ದುಡ್ಡನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ನಮ್ಮ ಕೆಲಸ ನಿಂತಿರುವುದೇ ಕೇರಿಯ ಸಂಘಕ್ಕೆ ದುಡ್ಡು ದಾಟಿಸುವುದರ ಮೇಲೆ.

ಹೆಚ್ಚು ತಲೆಬಿಸಿಯಾದದ್ದು ಲೆಕ್ಕದ್ದು. ಜೀಪಿನವನು ಬಿಲ್ ಕೊಡ್ತಾನಾ? ಆಡಿಟರ್ ಒಪ್ಪಲಿಲ್ಲ. ಕೊನೆಗೆ ಅವರನ್ನೇ ಕೂರಿಸಿಕೊಂಡು ಒಂದು ವೋಚರ್ ಮಾಡಿದೆವು. ಅದರಲ್ಲಿ ಗಾಡಿ ನಂಬರು, ಡ್ರೈವರ್ ಸಹಿ, ಮೂವರು ಹೆಂಗಸರ ಸಹಿ ಅಥವಾ ಹೆಬ್ಬೆಟ್ಟು, ಹಿಂದೆ ಆಸ್ಪತ್ರೆಯ ಓಪಿ ಚೀಟಿಯ ನಕಲು. ಟ್ರಸ್ಟುಗಳು ಒಬ್ಬರಿಗೆ ಒಂದು ದಿನಕ್ಕೆ 10,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಆದಾಯ ತೆರಿಗೆಯಲ್ಲಿ ತೊಂದರೆ, ನಮ್ಮ ಖರ್ಚುಗಳೆಲ್ಲ ಅದಕ್ಕಿಂತ ಎಷ್ಟೋ ಕೆಳಗೆ. ದುಡ್ಡು ಒಬ್ಬರ ಮನೆಯಲ್ಲಿ, ಪುಸ್ತಕ ಇನ್ನೊಬ್ಬರ ಮನೆಯಲ್ಲಿ. ರಾತ್ರಿ ಯಾರಾದರೂ ಬಂದರೆ ಮೊದಲು ದುಡ್ಡು ಕೊಡುತ್ತಾರೆ, ಠರಾವು ಮುಂದಿನ ಸಭೆಯಲ್ಲಿ. ನನ್ನ ಅನುಮತಿ ಬೇಕಿಲ್ಲ. ಈ ಮಾತಿಗೆ ಒಪ್ಪದ ದಾನಿಗಳನ್ನು ನಾವು ಬಿಟ್ಟಿದ್ದೇವೆ, ಬಿಡುವುದು ಸುಲಭವಿರಲಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಜಿಲ್ಲೆಯ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಗೌಳಿಗರು ಎಷ್ಟೋ ವರ್ಷದಿಂದ ಕೇಳುತ್ತಲೇ ಇದ್ದಾರೆ, ಇನ್ನೂ ಸೇರಿಲ್ಲ. ಹಾಗಾಗಿ ಬುಡಕಟ್ಟಿನ ಹೆಸರಿನ ದುಡ್ಡು ಹಳ್ಳದ ಈಚೆಯ ಸಿದ್ದಿ ಕೇರಿಗೆ ಬರುತ್ತದೆ, ಆಚೆಯ ಗೌಳಿ ಕೇರಿಗೆ ಹೋಗುವುದಿಲ್ಲ. ಎರಡೂ ಕಡೆ ಅದೇ ರಸ್ತೆ, ಅದೇ ರಕ್ತಹೀನತೆ, ಅದೇ ದೂರದ ಆಸ್ಪತ್ರೆ. ನಮ್ಮ ನಿಧಿಯಲ್ಲಿ ಜಾತಿ ಪ್ರಮಾಣಪತ್ರ ಕೇಳುವುದಿಲ್ಲ. ಪಂಗಡದವರಿಗೆ ಮಾತ್ರ ಅಂತ ಷರತ್ತಿದ್ದ ದೇಣಿಗೆ ಬಂದಾಗ ಅದನ್ನು ಸಿದ್ದಿ ಕೇರಿಗಳಿಗೆ ಕೊಟ್ಟು, ಅಲ್ಲಿಗೆ ಅಂತ ಇಟ್ಟಿದ್ದ ಷರತ್ತಿಲ್ಲದ ದುಡ್ಡನ್ನು ಗೌಳಿವಾಡಗಳಿಗೆ ತಿರುಗಿಸಿದೆವು. ಇದನ್ನು ಸೂಚಿಸಿದ್ದು ಸಿದ್ದಿ ಹೆಂಗಸರೇ.

ಈ ಮಳೆಗಾಲಕ್ಕೆ ಅವರು ಹೊಸ ಠರಾವು ಮಾಡಿದ್ದಾರೆ. ದಿನ ತುಂಬುತ್ತಿರುವ ಬಸುರಿಯರನ್ನು ಹಳ್ಳ ಏರುವ ಮೊದಲೇ ಪೇಟೆಯ ನೆಂಟರ ಮನೆಯಲ್ಲಿ ಇರಿಸುವುದು, ಅವರ ಅಕ್ಕಿ ಬೇಳೆ ಖರ್ಚು ನಿಧಿಯದ್ದು. ಯಾವ ದಾನಿಯ ನಮೂನೆಯಲ್ಲೂ ಇದಕ್ಕೊಂದು ಕಾಲಂ ಇಲ್ಲ. "ಇತರೆ" ಅಂತ ಬರೆದು ಕೆಳಗೆ ಪೂರಾ ವಿವರ ಕೊಟ್ಟು ಕಳಿಸಿದ್ದೇನೆ. ಒಬ್ಬರು ಒಪ್ಪಿದ್ದಾರೆ, ಇನ್ನೊಬ್ಬರು ಕೇರಿಗೆ ಬಂದು ಮಾತಾಡುತ್ತೇವೆ ಅಂದಿದ್ದಾರೆ.