ಜಗಲಿಯ ಅಂಚಿನ ಬೆಳಕು: ಮನೆಯವರ ಫೋಟೋ ತೆಗೆದ ನನ್ನ ಅನುಭವ

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ, ಅಡಿಕೆ ತೋಟದ ನಡುವೆ. ಹಳೆಯ ಹಂಚಿನ ಮನೆ, ಮಾಡು ತುಂಬಾ ತಗ್ಗು. ಅಂಗಳದಲ್ಲಿ ಕಣ್ಣು ಬಿಡಲಾಗದ ಬಿಸಿಲು, ಒಳಗೆ ಹೋದರೆ ಹಗಲಲ್ಲೂ ಕತ್ತಲೆ. ಇಂಥ ಜಾಗದಲ್ಲಿ ಒಳ್ಳೆಯ ಫೋಟೋ ಬರುವುದೇ ಇಲ್ಲ ಅಂತ ಮೊದಲ ವರ್ಷ ನಂಬಿದ್ದೆ. ಈಗ ನನಗೆ ಇದಕ್ಕಿಂತ ಇಷ್ಟದ ಜಾಗ ಬೇರೆ ಇಲ್ಲ.

ನನ್ನ ಹತ್ತಿರ ಇರುವುದು ಸೆಕೆಂಡ್ ಹ್ಯಾಂಡ್ ನಿಕಾನ್, ಅದರ ಜೊತೆ ಬಂದ 18-55 ಜೂಮ್ ಲೆನ್ಸ್, ಆಮೇಲೆ ದುಡ್ಡು ಕೂಡಿಸಿ ತೆಗೆದುಕೊಂಡ, ಕಡಿಮೆ ಬೆಳಕಿಗೂ ಆಗುವ 35 ಎಂಎಂ ಎಫ್ 1.8 ಲೆನ್ಸ್. ಅಷ್ಟೇ.

ಎಪ್ರಿಲ್-ಮೇ ಬಂತೆಂದರೆ ನಮ್ಮಲ್ಲಿ ಹಲಸಿನ ಹಪ್ಪಳದ ಕೆಲಸ. ಸೊಳೆ (ಹಲಸಿನ ತೊಳೆ) ಬೇಯಿಸಿ, ಗುದ್ದಿ, ಉಂಡೆ ಕಟ್ಟಿ, ಮಣೆಯಲ್ಲಿ ಒತ್ತಿ, ಅಂಗಳದ ಚಾಪೆಯಲ್ಲಿ ಹರಡುವವರೆಗೆ ಅಜ್ಜಿ, ಅಮ್ಮ, ಅತ್ತೆ, ನನ್ನ ಮಗಳು ಎಲ್ಲರೂ ಜಗಲಿಯಲ್ಲೇ ಇರುತ್ತಾರೆ. ಮನೆಯವರೆಲ್ಲ ಒಟ್ಟಿಗೆ ಕೂತು ಮಾತಾಡುವ ದಿನ ಅದು, ಅದನ್ನು ಹಿಡಿದಿಡಬೇಕು ಅಂತ ನನಗೆ ತುಂಬಾ ಆಸೆ. ಆದರೆ ನಾನು ಚಾವಡಿಯಲ್ಲಿ ನಿಂತು ಹೊರಮುಖವಾಗಿ ಫೋಟೋ ತೆಗೆಯುತ್ತಿದ್ದೆ. ಅಂಗಳ ಬೆಳ್ಳಗೆ, ಮುಖಗಳೆಲ್ಲ ಕಪ್ಪು. ಫ್ಲ್ಯಾಶ್ ಹಾಕಿದರೆ ಬೆವರು ಹೊಳೆಯುತ್ತಿತ್ತು, ಅಜ್ಜಿ ಕಣ್ಣು ಮುಚ್ಚುತ್ತಿದ್ದರು.

ಒಂದು ದಿನ ಹಪ್ಪಳಕ್ಕೆ ಬಂದ ಕಾಗೆ ಓಡಿಸಲು ಅಂಗಳಕ್ಕೆ ಇಳಿದೆ. ತಿರುಗಿ ನೋಡುತ್ತೇನೆ, ಜಗಲಿಯ ಅಂಚಿನಲ್ಲಿ ಕೂತ ನಾಲ್ಕೂ ಮುಖಗಳ ಮೇಲೆ ಮೆತ್ತಗೆ ಬೆಳಕು ಬಿದ್ದಿದೆ, ಹಿಂದೆ ಪೂರ್ತಿ ಕತ್ತಲೆ. ಬಿಸಿಲು ಅಂಗಳದ ನೆಲಕ್ಕೆ ಬಡಿದು ಮೇಲಕ್ಕೆ ಚೆಲ್ಲುತ್ತದೆ, ಮಾಡಿನ ನೆರಳು ಇರುವುದರಿಂದ ನೇರ ಬಿಸಿಲು ಮುಖಕ್ಕೆ ಬೀಳುವುದಿಲ್ಲ, ಹಾಗಾಗಿ ಅಜ್ಜಿಯ ಕೆನ್ನೆಯ ಸುಕ್ಕು ಕೂಡ ಚಂದ ಕಾಣುತ್ತಿತ್ತು. ನಾನು ನಿಲ್ಲುವ ಜಾಗ ಬದಲಾಯಿಸಿದ್ದು ಮಾತ್ರ, ಬೇರೆ ಏನೂ ಮಾಡಲಿಲ್ಲ.

ಇಲ್ಲಿ ಒಂದು ವಿಷಯ ನೆನಪಿಡಿ. ಕ್ಯಾಮೆರಾ ಎಲ್ಲವನ್ನೂ ನಡುಮಟ್ಟದ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಹಿಂದೆ ಕತ್ತಲೆ ಜಾಸ್ತಿ ಇದ್ದರೆ ಅದನ್ನು ಬೆಳಗಿಸಲು ಹೋಗಿ ಮುಖವನ್ನು ಬಿಳುಚಿಸಿಬಿಡುತ್ತದೆ. ಅದಕ್ಕೆ ಎಕ್ಸ್‌ಪೋಷರ್ ಕಾಂಪನ್ಸೇಷನ್ (ಕ್ಯಾಮೆರಾ ಲೆಕ್ಕ ಹಾಕಿದ ಬೆಳಕನ್ನು ಹೆಚ್ಚು-ಕಡಿಮೆ ಮಾಡುವ ಸೆಟ್ಟಿಂಗ್) ಮೈನಸ್ 0.7ಕ್ಕೆ ಇಳಿಸುತ್ತೇನೆ. ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ, ಎಫ್ 2.8 (ಸಂಖ್ಯೆ ಸಣ್ಣದಾದಷ್ಟು ಕಿಂಡಿ ದೊಡ್ಡದು); ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ, 400ರಿಂದ 800. ಸುಮ್ನೆ ಕೂತವರಿಗೆ ಶಟರ್ 1/125 ಸೆಕೆಂಡ್ ತೆರೆದರೆ ಸಾಕು, ಹಪ್ಪಳ ಒತ್ತುವ ಕೈ ಅಲುಗದೆ ಬರಬೇಕಾದರೆ 1/250 ಬೇಕು. ಎಫ್ 1.8ರಲ್ಲಿ ಹತ್ತಿರ ಹೋದರೆ ಒಬ್ಬರ ಮುಖ ಸ್ಪಷ್ಟ, ಪಕ್ಕದವರದ್ದು ಮಸುಕು. ಮನೆಯವರ ಫೋಟೋದಲ್ಲಿ ಅದು ನನಗೆ ಇಷ್ಟವಿಲ್ಲ.

ಇನ್ನೊಂದು, ಕ್ಯಾಮೆರಾ ಹಿಡಿದುಕೊಂಡೇ ಬರಬೇಡಿ. "ಎಂಥದಕ್ಕೆ ಮಾರಾಯ ಇದೆಲ್ಲ, ನಾಲ್ಕು ಉಂಡೆ ಕಟ್ಟು ಬಾ" ಅಂದರು ಅಜ್ಜಿ. ಕೂತು ಉಂಡೆ ಕಟ್ಟಿದೆ, ಅರ್ಧ ಗಂಟೆ. ಕ್ಯಾಮೆರಾ ಪಕ್ಕದಲ್ಲೇ ಇತ್ತು. ಆಮೇಲೆ ಕೈ ತೊಳೆದು ಎತ್ತಿಕೊಂಡಾಗ ಯಾರೂ ತಿರುಗಿ ನೋಡಲಿಲ್ಲ.

ಅಡಿಕೆ ಒಣಗಿಸಲು ಪ್ಲಾಸ್ಟಿಕ್ ಹಾಳೆ ಹೊದೆಸಿದ ಗೂಡು ನಮ್ಮ ಕಡೆ ಸುಮಾರು ಮನೆಗಳಲ್ಲಿ ಇದೆ ಅಲ್ವಾ? ಹಾಳೆ ಹಳತಾಗಿ ಮಬ್ಬಾಗಿದ್ದರೆ ಅದರೊಳಗೆ ಎಲ್ಲ ಕಡೆಯಿಂದ ಒಂದೇ ತರಹದ ಬೆಳಕು. ಮಕ್ಕಳ ಫೋಟೋಗೆ ಬಹಳ ಒಳ್ಳೆಯದು. ಆದರೆ ಬಿಸಿಲೇರುವ ಮೊದಲೇ ಮುಗಿಸಿ, ಆಮೇಲೆ ಒಳಗೆ ನಿಲ್ಲಲಾಗುವುದಿಲ್ಲ. ಮಳೆಗಾಲಕ್ಕೆ ಕಟ್ಟುವ ನೀಲಿ ಟಾರ್ಪಾಲಿನ ಅಡಿಯಲ್ಲಿ ಮಾತ್ರ ತೆಗೆಯಬೇಡಿ, ಮುಖವೆಲ್ಲ ನೀಲಿಯಾಗುತ್ತದೆ, ಆಮೇಲೆ ಕಂಪ್ಯೂಟರಿನಲ್ಲಿ ಎಷ್ಟು ತಿದ್ದಿದರೂ ಮೈಬಣ್ಣ ಸರಿಯಾಗುವುದು ಕಷ್ಟ.

ಹೊರಗೆ ಹೋಗುವುದೆಂದರೆ ನಮಗೆ ಬೇಕಲ. ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಕೋಟೆ, ಸುಮಾರು 40 ಎಕರೆ, ಮೂರು ಬದಿ ಸಮುದ್ರ. ಅಲ್ಲಿ ಎಲ್ಲರೂ ಮುಳುಗುವ ಸೂರ್ಯನ ಎದುರು ಮನೆಯವರನ್ನು ನಿಲ್ಲಿಸುತ್ತಾರೆ. ನಾನು ಸೂರ್ಯನಿಗೆ ಬೆನ್ನು ಹಾಕಿ ನಿಲ್ಲುತ್ತೇನೆ. ಸಂಜೆಯ ಬಿಸಿಲಿಗೆ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಗೋಡೆ ಕೆಂಪಗೆ ಬೆಚ್ಚಗಾಗುತ್ತದೆ, ಆ ಗೋಡೆಯ ಮುಂದೆ ಮಗಳು ಓಡಲಿ. ಶಟರ್ 1/500, ಫೋಕಸ್ ಕಂಟಿನ್ಯುವಸ್‌ನಲ್ಲಿ (ಓಡುವವರನ್ನು ಬಿಡದೆ ಹಿಂಬಾಲಿಸುವಂತೆ) ಇಟ್ಟು, ಅವಳ ಎತ್ತರಕ್ಕೆ ಮೊಣಕಾಲೂರಿ ಕೂರುತ್ತೇನೆ. ಮನೆಗೆ ಬಂದ ಕೂಡಲೇ ಕ್ಯಾಮೆರಾದ ಮೈಯನ್ನು ಚೂರೇ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ, ಮತ್ತೆ ಒಣ ಬಟ್ಟೆಯಿಂದ ಒರೆಸುತ್ತೇನೆ. ಕಡಲ ಗಾಳಿಯ ಉಪ್ಪು ಕಣ್ಣಿಗೆ ಕಾಣುವುದಿಲ್ಲ.

ನಮ್ಮ ಮಳೆಯ ಬಗ್ಗೆ ಹೇಳಲೇಬೇಕು. ಒಂದು ವರ್ಷ ಆಟಿ (ಜೋರು ಮಳೆಯ ತುಳು ತಿಂಗಳು) ಕಳೆಯುವವರೆಗೆ 18-55 ಲೆನ್ಸನ್ನು ಚೀಲದಲ್ಲೇ ಹಾಕಿ ಕಪಾಟಿನಲ್ಲಿ ಇಟ್ಟಿದ್ದೆ. ತೆಗೆದು ನೋಡಿದರೆ ಗಾಜಿನೊಳಗೆ ಜೇಡರ ಬಲೆಯಂತೆ ಬೂಷ್ಟು. ಮಂಗಳೂರಿನಲ್ಲಿ ಕ್ಲೀನ್ ಮಾಡಿಸಿದೆ, ಆದರೂ ಒಂದು ಗೆರೆ ಉಳಿದಿದೆ. ಈಗ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ. ನೀಲಿ ಹರಳು ಗುಲಾಬಿಯಾದರೆ ತೇವ ಹೀರಿಕೊಂಡಿದೆ ಎಂದು ಅರ್ಥ, ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಅದಕ್ಕೆ ಅಡುಗೆಯ ಪಾತ್ರೆ ಬಳಸಬೇಡಿ, ಬೇರೆಯೇ ಇಟ್ಟುಕೊಳ್ಳಿ. ವಾರಕ್ಕೊಮ್ಮೆ ಲೆನ್ಸ್ ಹೊರತೆಗೆದು ನಾಲ್ಕು ಫೋಟೋ ತೆಗೆದರೆ ಇನ್ನೂ ಒಳ್ಳೆಯದು.

ಹಪ್ಪಳದ ದಿನದ ಒಂದು ಫೋಟೋ ಪ್ರಿಂಟ್ ಹಾಕಿಸಿ ಅಜ್ಜಿಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ತಮ್ಮ ಮುಖದ ಬಗ್ಗೆ ಒಂದು ಮಾತೂ ಇಲ್ಲ. ಫೋಟೋದಲ್ಲಿ ನನ್ನ ಮಗಳ ಬೆರಳಿನ ಮೇಲೆ ಬೆರಳಿಟ್ಟು, "ಉಂಡೆ ಕಟ್ಟುದು ಸರಿಯಾಗಿ ಕಲ್ತಿದ್ದಾಳೆ" ಎಂದರು.